ನಡುರಾತ್ರಿಯ ಸವಾರ ಒಬ್ಬನೇ ಅಲ್ಲ

ಅಮೆರಿಕದ ಶಾಲಾ ಮಕ್ಕಳ ಎದುರು ಪಾಲ್ ರಿವೀರ್ ಎಂಬ ಹೆಸರೆತ್ತಿದರೆ ಸಾಕು, ಅವರ ಕಣ್ಣ ಮುಂದೆ ಒಂದು ಚಿತ್ರ ಬಂದು ನಿಲ್ಲುತ್ತದೆ. ಬೆಳದಿಂಗಳ ರಾತ್ರಿ, ನಾಗಾಲೋಟದಲ್ಲಿ ಓಡುವ ಕುದುರೆ, ಅದರ ಮೇಲೆ ಒಬ್ಬಂಟಿ ಸವಾರ. ಹಳ್ಳಿ ಹಳ್ಳಿಯ ಬಾಗಿಲು ಬಡಿದು ‘ಬ್ರಿಟಿಷರು ಬರುತ್ತಿದ್ದಾರೆ, ಏಳಿ’ ಎಂದು ಕೂಗುತ್ತಾ ಅವನು ಸಾಗುತ್ತಾನೆ. ಬೆಳಗಾಗುವಷ್ಟರಲ್ಲಿ ರೈತರು ಬಂದೂಕು ಹಿಡಿದು ನಿಂತಿರುತ್ತಾರೆ. ಒಂದು ಸಾಮ್ರಾಜ್ಯದ ವಿರುದ್ಧ ಯುದ್ಧ ಆರಂಭವಾಗುತ್ತದೆ.

1775ರ ಏಪ್ರಿಲ್ 18ರ ಆ ರಾತ್ರಿಗೆ 2025ರಲ್ಲಿ 250 ವರ್ಷ ತುಂಬಿತು. ಸವಾರಿ ನಡೆದದ್ದು ನಿಜ. ಆದರೆ ಈ ಚಿತ್ರದ ಮುಖ್ಯ ವಿವರಗಳೆಲ್ಲ ತಪ್ಪು. ರಿವೀರ್ ಒಬ್ಬಂಟಿಯಾಗಿರಲಿಲ್ಲ. ‘ಬ್ರಿಟಿಷರು ಬರುತ್ತಿದ್ದಾರೆ’ ಎಂದು ಅವನು ಕೂಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಲುಪಬೇಕಾಗಿದ್ದ ಕೊನೆಯ ಊರನ್ನು ಅವನು ತಲುಪಲೇ ಇಲ್ಲ. ನಡುದಾರಿಯಲ್ಲೇ ಸೈನಿಕರ ಕೈಗೆ ಸಿಕ್ಕಿಬಿದ್ದ. ಆದರೂ ಸುದ್ದಿ ತಲುಪಿತು. ಸವಾರ ಸಿಕ್ಕಿಬಿದ್ದ ಮೇಲೂ ಸುದ್ದಿ ಹೇಗೆ ಮುಂದೆ ಹೋಯಿತು ಎಂಬುದೇ ಈ ಘಟನೆಯ ನಿಜವಾದ ಸ್ವಾರಸ್ಯ.

ಚಹಾದಿಂದ ಮದ್ದುಗುಂಡಿನವರೆಗೆ

ಆಗ ಅಮೆರಿಕದ ಪೂರ್ವ ಕರಾವಳಿಯಲ್ಲಿ ಹದಿಮೂರು ಬ್ರಿಟಿಷ್ ವಸಾಹತುಗಳಿದ್ದವು. ಅವುಗಳಲ್ಲಿ ಮ್ಯಾಸಚೂಸೆಟ್ಸ್ ಒಂದು, ಬಾಸ್ಟನ್ ಅದರ ಮುಖ್ಯ ಪಟ್ಟಣ. ತಮ್ಮ ಪ್ರತಿನಿಧಿಗಳೇ ಇಲ್ಲದ ಲಂಡನ್ನಿನ ಸಂಸತ್ತು ತಮ್ಮ ಮೇಲೆ ತೆರಿಗೆ ಹೇರುವುದೇಕೆ ಎಂಬುದು ಜನರ ತಕರಾರು. 1773ರ ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ಜನ ಸಮುದ್ರಕ್ಕೆ ಸುರಿದರು. ಅದು ಈಸ್ಟ್ ಇಂಡಿಯಾ ಕಂಪೆನಿಯ ಚಹಾ.

ನಮಗೆ ಈ ಕಂಪೆನಿಯ ಪರಿಚಯ ಚೆನ್ನಾಗಿಯೇ ಇದೆ. ಮೈಸೂರಿನ ಹೈದರಾಲಿಯೊಡನೆ 1767ರಿಂದ 1769ರವರೆಗೆ ಯುದ್ಧ ಮಾಡಿ, ಕೊನೆಗೆ ಮದರಾಸಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಕಂಪೆನಿ. ಹಣದ ಮುಗ್ಗಟ್ಟಿಗೆ ಸಿಕ್ಕಿದ್ದ ಅದನ್ನು ಮೇಲೆತ್ತಲೆಂದೇ ಬ್ರಿಟಿಷ್ ಸಂಸತ್ತು ಚಹಾ ಕಾಯಿದೆಯನ್ನು ತಂದಿತ್ತು. ಮೈಸೂರಿನ ದೊರೆಯ ಹೆಸರು ಅಮೆರಿಕದವರಿಗೂ ಗೊತ್ತಿತ್ತು. 1782ರಲ್ಲಿ ಪೆನ್ಸಿಲ್ವೇನಿಯಾದ ‘ಹೈದರ್ ಆಲಿ’ ಎಂಬ ಹಡಗು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆಹಿಡಿಯಿತು. ಇನ್ನೊಂದು ನಂಟೂ ಇದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸನೇ ಹನ್ನೊಂದು ವರ್ಷಗಳ ನಂತರ ಶ್ರೀರಂಗಪಟ್ಟಣದ ಮುಂದೆ ಸೇನೆ ನಿಲ್ಲಿಸಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಸಿದುಕೊಂಡ.

ಚಹಾ ಸುರಿದ ತಪ್ಪಿಗೆ ಬ್ರಿಟನ್ 1774ರಲ್ಲಿ ಬಾಸ್ಟನ್ ಬಂದರನ್ನೇ ಮುಚ್ಚಿತು. ಜನರಲ್ ಥಾಮಸ್ ಗೇಜ್ ಸೇನೆಯ ದಂಡನಾಯಕನೂ ಹೌದು, ವಸಾಹತಿನ ಗವರ್ನರನೂ ಹೌದು ಎಂಬಂತಾಯಿತು. ಅತ್ತ ಹಳ್ಳಿಗಳಲ್ಲಿ ಊರಿನವರದೇ ಪಡೆಗಳು ಕವಾಯತು ಆರಂಭಿಸಿದವು. ಕರೆ ಬಂದ ನಿಮಿಷದಲ್ಲಿ ಬಂದೂಕು ಹಿಡಿದು ಹೊರಡಬೇಕಾದವರನ್ನು ‘ಮಿನಿಟ್‌ಮೆನ್’ ಎಂದೇ ಕರೆದರು. ಬಾಸ್ಟನ್ನಿನಿಂದ ಇಪ್ಪತ್ತು ಮೈಲಿಯೊಳಗಿನ ಕಾಂಕರ್ಡ್ ಎಂಬ ಊರಿನಲ್ಲಿ ಮದ್ದು, ಗುಂಡು, ತೋಪುಗಳು ಸಂಗ್ರಹವಾಗತೊಡಗಿದವು.

ಸುಳ್ಳು ಸುದ್ದಿ ಕಲಿಸಿದ ಪಾಠ

1774ರ ಸೆಪ್ಟೆಂಬರ್ 1ರ ಮುಂಜಾನೆ ಗೇಜ್‌ನ ಸೈನಿಕರು ಸದ್ದಿಲ್ಲದೆ ದೋಣಿಗಳಲ್ಲಿ ಹೋಗಿ, ಬಾಸ್ಟನ್ ಹೊರವಲಯದ ಮದ್ದಿನಮನೆಯಿಂದ 250 ಸಣ್ಣ ಪೀಪಾಯಿಗಳಷ್ಟು ಮದ್ದನ್ನು ಹೊತ್ತು ತಂದರು. ಒಂದು ಗುಂಡೂ ಹಾರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಆದರೆ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತಾ ಬೆಳೆಯಿತು. ಸೈನಿಕರು ಜನರನ್ನು ಕೊಂದಿದ್ದಾರೆ, ಹಡಗುಗಳು ಬಾಸ್ಟನ್ ಮೇಲೆ ತೋಪು ಹಾರಿಸುತ್ತಿವೆ, ಊರು ಹೊತ್ತಿ ಉರಿಯುತ್ತಿದೆ ಎಂದಾಯಿತು. ನೂರಾರು ಮೈಲಿ ಸುತ್ತಳತೆಯಲ್ಲಿ ಸಾವಿರಾರು ಜನ ಆಯುಧ ಹಿಡಿದು ಹೊರಟರು. ಅರ್ಧ ದಾರಿಯಲ್ಲಿ ಸುದ್ದಿ ಸುಳ್ಳೆಂದು ತಿಳಿದು ಹಿಂದಿರುಗಿದರು.

ಈ ಗಾಬರಿ ಎರಡು ಪಾಠ ಕಲಿಸಿತು. ಕರೆದರೆ ಜನ ಬರುತ್ತಾರೆ ಎಂಬುದು ಒಂದು. ಯಾರು ಕರೆಯಬೇಕು, ಯಾರ ಮಾತನ್ನು ನಂಬಬೇಕು ಎಂಬುದು ಮೊದಲೇ ಗೊತ್ತಾಗಿರಬೇಕು ಎಂಬುದು ಇನ್ನೊಂದು. ‘ತೋಳ ಬಂತು ತೋಳ’ ಎಂಬ ಕೂಗು ಮತ್ತೊಮ್ಮೆ ಸುಳ್ಳಾದರೆ, ನಿಜವಾದ ತೋಳ ಬಂದ ದಿನ ಯಾರೂ ಹೊರಗೆ ಬರುವುದಿಲ್ಲ.

ಈ ವ್ಯವಸ್ಥೆಗೆ ತಳಹದಿ ಆಗಲೇ ಇತ್ತು. ಸ್ಯಾಮ್ಯುಯೆಲ್ ಆಡಮ್ಸ್ ಮತ್ತಿತರರು 1772ರಲ್ಲಿ ಬಾಸ್ಟನ್ನಿನಲ್ಲಿ ‘ಪತ್ರವ್ಯವಹಾರ ಸಮಿತಿ’ ಕಟ್ಟಿದ್ದರು. ಊರೂರಲ್ಲಿ ಅಂಥವೇ ಸಮಿತಿಗಳು ಹುಟ್ಟಿಕೊಂಡಿದ್ದವು. ಅವುಗಳ ಕಾಗದ ಒಯ್ಯಲು ನಂಬಿಕಸ್ಥ ಸವಾರರು ಬೇಕು. ಅಂಥವರಲ್ಲಿ ಒಬ್ಬ ಪಾಲ್ ರಿವೀರ್.

ಅವನ ಕಸುಬು ಬೆಳ್ಳಿ ಕೆಲಸ. ತಂದೆ ಫ್ರಾನ್ಸ್‌ನಿಂದ ಬಂದು ನೆಲೆಸಿದವನು. ಮಗ ಬೆಳ್ಳಿಯ ಪಾತ್ರೆ ಮಾಡುತ್ತಿದ್ದ, ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುತ್ತಿದ್ದ, ಕಟ್ಟುಹಲ್ಲನ್ನೂ ಕೂರಿಸುತ್ತಿದ್ದ. ವಿದ್ಯಾವಂತ ನಾಯಕರ ಮನೆಗೂ ಕೂಲಿಕಾರರ ಹೆಂಡದಂಗಡಿಗೂ ಅವನಿಗೆ ಸಮನಾದ ಪ್ರವೇಶವಿತ್ತು. ಚಹಾ ಘಟನೆಯ ಸುದ್ದಿಯನ್ನು ನ್ಯೂಯಾರ್ಕಿಗೆ ಒಯ್ದದ್ದು ಅವನೇ. 1774ರ ಡಿಸೆಂಬರಿನಲ್ಲಿ ಚಳಿಯಲ್ಲಿ ಸುಮಾರು 60 ಮೈಲಿ ಸವಾರಿ ಮಾಡಿ ಪೋರ್ಟ್ಸ್‌ಮತ್‌ಗೆ ಎಚ್ಚರಿಕೆ ಮುಟ್ಟಿಸಿದ್ದ. ಮರುದಿನವೇ ಅಲ್ಲಿನ ಜನ ಕೋಟೆಗೆ ನುಗ್ಗಿ ಮದ್ದನ್ನು ವಶಪಡಿಸಿಕೊಂಡಿದ್ದರು. ಈ ಕೆಲಸ ಪುಕ್ಕಟೆ ಸೇವೆಯೇನೂ ಅಲ್ಲ. ಯುದ್ಧ ಆರಂಭವಾದ ಮೇಲೆ ದಿನಕ್ಕೆ 5 ಷಿಲಿಂಗ್‌ನಂತೆ ಅವನು ಕೊಟ್ಟ ಬಿಲ್ಲನ್ನು ಸರಕಾರ 4 ಷಿಲಿಂಗ್‌ಗೆ ಇಳಿಸಿತು. ಲೆಕ್ಕಪತ್ರದವರು ಎಲ್ಲ ಕಾಲದಲ್ಲೂ ಒಂದೇ!

1775ರ ಚಳಿಗಾಲದ ಹೊತ್ತಿಗೆ ರಿವೀರ್ ಮತ್ತು ಸುಮಾರು ಮೂವತ್ತು ಮಂದಿ ಕಸುಬುದಾರರು ಸರದಿಯ ಮೇಲೆ ಇಬ್ಬಿಬ್ಬರಾಗಿ ರಾತ್ರಿ ಬೀದಿ ಸುತ್ತಿ ಸೈನಿಕರ ಚಲನವಲನ ಗಮನಿಸುತ್ತಿದ್ದರು. ಕಂಡದ್ದನ್ನು ಹೊರಗೆ ಹೇಳುವುದಿಲ್ಲವೆಂದು ಪ್ರತಿ ಸಭೆಯಲ್ಲೂ ಪ್ರಮಾಣ. ಹಾಗಿದ್ದೂ ಅವರ ಗುಟ್ಟು ಗೇಜ್‌ಗೆ ತಲುಪುತ್ತಿತ್ತು. ನಾಯಕರಲ್ಲೇ ಒಬ್ಬನಾದ ಡಾ. ಬೆಂಜಮಿನ್ ಚರ್ಚ್ ಗೂಢಚಾರನಾಗಿದ್ದನೆಂಬುದು ಬಯಲಾದದ್ದು ಯುದ್ಧ ಆರಂಭವಾದ ಮೇಲೆ.

ಎರಡು ಲಾಟೀನು

ಬಾಸ್ಟನ್ ಆಗ ಬಹುಮಟ್ಟಿಗೆ ದ್ವೀಪ. ಸುತ್ತ ನೀರು, ದಕ್ಷಿಣದಲ್ಲಿ ಕತ್ತಿನಂಥ ಒಂದು ಕಿರಿದಾದ ನೆಲ. ಸೇನೆ ಹೊರಡಬೇಕೆಂದರೆ ಎರಡೇ ದಾರಿ: ಆ ನೆಲದ ಮೇಲೆ ಸುತ್ತಿಕೊಂಡು ಹೋಗಬೇಕು, ಇಲ್ಲವೇ ದೋಣಿಗಳಲ್ಲಿ ಚಾರ್ಲ್ಸ್ ನದಿ ದಾಟಬೇಕು. ಎರಡೂ ಕಡೆ ಸೈನಿಕರ ಕಾವಲು. ಊರೊಳಗಿನವರು ಹೊರಗೆ ಬರಲಾಗದಿದ್ದರೆ ಸುದ್ದಿ ಹೋಗುವುದು ಹೇಗೆ?

ಏಪ್ರಿಲ್ 16ರ ಭಾನುವಾರ ರಿವೀರ್ ಲೆಕ್ಸಿಂಗ್ಟನ್‌ಗೆ ಹೋಗಿ ಬರುವಾಗ, ನದಿಯಾಚೆಯ ಚಾರ್ಲ್ಸ್‌ಟೌನ್‌ನವರೊಡನೆ ಒಂದು ಸಂಕೇತ ಗೊತ್ತುಮಾಡಿಕೊಂಡ. ಸೇನೆ ನೆಲದ ಮೇಲೆ ಹೊರಟರೆ ಬಾಸ್ಟನ್ನಿನ ಎತ್ತರದ ಚರ್ಚ್ ಗೋಪುರದಲ್ಲಿ ಒಂದು ಲಾಟೀನು, ನೀರಿನ ಮೇಲೆ ಹೊರಟರೆ ಎರಡು. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಕಾಲದಿಂದ ನಡೆದುಬಂದಿದೆ. ಆಚೆ ದಡದಲ್ಲಿ ಕುದುರೆಯ ಪಕ್ಕ ನಿಂತು ರಿವೀರ್ ಆ ದೀಪಕ್ಕಾಗಿ ಕಾಯುತ್ತಿದ್ದ ಎಂದು ಜನ ನಂಬಿದ್ದಾರೆ. ವಾಸ್ತವದಲ್ಲಿ ದೀಪ ಅವನಿಗೆ ತೋರಿಸಿದ್ದಲ್ಲ, ಅವನೇ ತೋರಿಸಲು ಹೇಳಿದ್ದು. ತಾನು ಸಿಕ್ಕಿಬಿದ್ದರೂ ಸುದ್ದಿ ನದಿ ದಾಟಲಿ ಎಂಬ ಮುಂಜಾಗ್ರತೆ ಅದು. ತಾನಿಲ್ಲದಿದ್ದರೂ ಕೆಲಸ ನಡೆಯುವಂತೆ ಅವನು ಮೊದಲೇ ಏರ್ಪಾಡು ಮಾಡಿಟ್ಟಿದ್ದ.

18ರ ಮಂಗಳವಾರ ರಾತ್ರಿ ಹತ್ತರ ಸುಮಾರಿಗೆ ಡಾ. ಜೋಸೆಫ್ ವಾರೆನ್ ರಿವೀರ್‌ಗೆ ಹೇಳಿಕಳುಹಿಸಿದ. ಬಾಸ್ಟನ್ನಿನಲ್ಲಿ ಉಳಿದಿದ್ದ ಮುಖ್ಯ ನಾಯಕ ಈ ವೈದ್ಯ. ಸುಮಾರು 700 ಸೈನಿಕರು ನದಿ ದಂಡೆಗೆ ಇಳಿಯುತ್ತಿದ್ದಾರೆ. ಲೆಕ್ಸಿಂಗ್ಟನ್‌ನಲ್ಲಿ ತಂಗಿರುವ ಸ್ಯಾಮ್ಯುಯೆಲ್ ಆಡಮ್ಸ್ ಮತ್ತು ಜಾನ್ ಹ್ಯಾನ್‌ಕಾಕ್ ಅವರನ್ನು ಹಿಡಿಯಲು ಹೊರಟಿರಬಹುದು ಎಂದ. ರಿವೀರ್ ಬರುವ ಮೊದಲೇ ವಾರೆನ್ ಇನ್ನೊಬ್ಬನನ್ನು ಕಳುಹಿಸಿಯಾಗಿತ್ತು. ಅವನು ಚರ್ಮ ಹದ ಮಾಡುವ ಕಸುಬಿನ ವಿಲಿಯಂ ಡಾಸ್. ಅವನ ಪಾಲಿಗೆ ನೆಲದ ದಾರಿ, ರಿವೀರ್ ಪಾಲಿಗೆ ನೀರಿನ ದಾರಿ. ಚರ್ಚಿನ ಕೆಲಸ ನೋಡಿಕೊಳ್ಳುತ್ತಿದ್ದ ರಾಬರ್ಟ್ ನ್ಯೂಮನ್ ಗೋಪುರದಲ್ಲಿ ಎರಡು ಲಾಟೀನು ತೋರಿಸಿದ.

ಇಬ್ಬರು ಗೆಳೆಯರು ಹುಟ್ಟು ಹಾಕಿ, ‘ಸೋಮರ್ಸೆಟ್’ ಎಂಬ ಯುದ್ಧನೌಕೆಯ ಹತ್ತಿರದಲ್ಲೇ ರಿವೀರ್‌ನನ್ನು ನದಿ ದಾಟಿಸಿದರು. ಚಾರ್ಲ್ಸ್‌ಟೌನ್‌ನವರು ದೀಪ ನೋಡಿ ಸಿದ್ಧರಾಗಿಯೇ ಇದ್ದರು. ಜಾನ್ ಲಾರ್ಕಿನ್ ಎಂಬ ಸ್ಥಿತಿವಂತನ ಕುದುರೆಯನ್ನು ಅವನಿಗೆ ಕೊಟ್ಟರು. ಎರವಲು ಕುದುರೆ ಅದು. ಯಜಮಾನನಿಗೆ ಅದು ಮತ್ತೆ ಸಿಗಲಿಲ್ಲ.

ಮನೆ ಮನೆಯ ಬಾಗಿಲಿಗೆ

ಹನ್ನೊಂದು ಗಂಟೆಯ ಹೊತ್ತಿಗೆ ರಿವೀರ್ ಹೊರಟ. ಸ್ವಲ್ಪ ದೂರದಲ್ಲೇ ಮರದಡಿ ನಿಂತಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಎದುರಾದರು. ಕುದುರೆ ತಿರುಗಿಸಿ ತಪ್ಪಿಸಿಕೊಂಡು ಮೆಡ್‌ಫರ್ಡ್ ಮೇಲೆ ಸುತ್ತುದಾರಿ ಹಿಡಿದ. ಅಲ್ಲಿ ಮೊದಲು ಎಬ್ಬಿಸಿದ್ದು ಊರಪಡೆಯ ಕ್ಯಾಪ್ಟನ್‌ನನ್ನು. ಆಮೇಲೆ ಲೆಕ್ಸಿಂಗ್ಟನ್‌ವರೆಗೆ ದಾರಿಯ ಹೆಚ್ಚುಕಡಿಮೆ ಪ್ರತಿ ಮನೆಗೂ ಎಚ್ಚರಿಕೆ ಕೊಟ್ಟೆನೆಂದು ಅವನೇ ಬರೆದಿಟ್ಟಿದ್ದಾನೆ.

ಅವನು ಹೇಳಿದ್ದು ಬ್ರಿಟಿಷರು ಬರುತ್ತಿದ್ದಾರೆ ಎಂದಲ್ಲ. ಆ ಜನರೆಲ್ಲ ಆಗ ತಮ್ಮನ್ನು ಬ್ರಿಟಿಷರೆಂದೇ ತಿಳಿದಿದ್ದರು. ಸ್ವಾತಂತ್ರ್ಯ ಘೋಷಣೆಗೆ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ರಿವೀರ್ ಬಳಸಿದ ಮಾತು ‘ರೆಗ್ಯುಲರ್ಸ್’, ಅಂದರೆ ಸರಕಾರಿ ಪಡೆಯವರು ಹೊರಟಿದ್ದಾರೆ ಎಂದು. ಲೆಕ್ಸಿಂಗ್ಟನ್‌ನಲ್ಲಿ ನಾಯಕರಿದ್ದ ಪಾದ್ರಿಯ ಮನೆಯ ಕಾವಲಿನವನು, ಒಳಗೆ ಮಲಗಿದ್ದಾರೆ, ಗಲಾಟೆ ಮಾಡಬೇಡ ಎಂದನಂತೆ. ಇನ್ನು ಸ್ವಲ್ಪ ಹೊತ್ತಿನಲ್ಲೇ ನಿಮಗೆ ಬೇಕಾದಷ್ಟು ಗಲಾಟೆ ಕೇಳಿಸಲಿದೆ ಎಂಬುದು ರಿವೀರ್ ಉತ್ತರ.

ರಿವೀರ್ ಮುಟ್ಟಿದ ಊರಿನಿಂದ ಬೇರೆ ಸವಾರರು ಪಕ್ಕದ ಊರುಗಳಿಗೆ ಹೊರಟರು. ಎಲ್ಲೆಡೆ ಚರ್ಚಿನ ಗಂಟೆ, ಡೋಲು, ಗಾಳಿಯಲ್ಲಿ ಹಾರಿಸಿದ ಗುಂಡು. ಡೇವಿಡ್ ಹ್ಯಾಕೆಟ್ ಫಿಷರ್ ಎಂಬ ಇತಿಹಾಸಕಾರ 1994ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಜಾಲವನ್ನು ಊರೂರಿನ ಲೆಕ್ಕದಲ್ಲಿ ಬಿಡಿಸಿ ತೋರಿಸಿದ್ದಾರೆ. ಯಾವ ಊರಿನಲ್ಲಿ ಯಾರ ಬಾಗಿಲು ಬಡಿಯಬೇಕೆಂದು ಗೊತ್ತಿದ್ದ ಕಡೆ ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಕುದುರೆಯ ವೇಗಕ್ಕಿಂತ ಪರಿಚಯದ ಬಲ ಹೆಚ್ಚು ಕೆಲಸ ಮಾಡಿತು.

ತಲುಪಿದವನು ಮೂರನೆಯವನು

ಸುಮಾರು ಅರ್ಧ ಗಂಟೆಯ ನಂತರ ಡಾಸ್ ಕೂಡ ಲೆಕ್ಸಿಂಗ್ಟನ್ ಸೇರಿದ. ಇಬ್ಬರೂ ಕಾಂಕರ್ಡ್ ಕಡೆ ಹೊರಟರು. ದಾರಿಯಲ್ಲಿ ಅವರಿಗೆ ಒಬ್ಬ ತರುಣ ಜತೆಯಾದ. ಕಾಂಕರ್ಡ್‌ನ ವೈದ್ಯ ಸ್ಯಾಮ್ಯುಯೆಲ್ ಪ್ರೆಸ್ಕಾಟ್, ವಯಸ್ಸು 23. ಲೆಕ್ಸಿಂಗ್ಟನ್‌ನಲ್ಲಿ ತಾನು ಮದುವೆಯಾಗಲಿದ್ದ ಹುಡುಗಿಯ ಮನೆಯಿಂದ ತಡರಾತ್ರಿ ಹಿಂದಿರುಗುತ್ತಿದ್ದವನು. ನಾನು ಈ ಊರಿನವನು, ನನ್ನ ಮಾತನ್ನು ಜನ ಬೇಗ ನಂಬುತ್ತಾರೆ ಎಂದು ತಾನಾಗಿಯೇ ಸೇರಿಕೊಂಡ.

ಲಿಂಕನ್ ಎಂಬ ಹಳ್ಳಿಯ ಬಳಿ ಬ್ರಿಟಿಷ್ ಗಸ್ತು ಅವರನ್ನು ಅಡ್ಡಗಟ್ಟಿತು. ಇಂಥ ಸವಾರರನ್ನು ತಡೆಯಲೆಂದೇ ಗೇಜ್ ಹಗಲೇ ಕಳುಹಿಸಿದ್ದ ಅಧಿಕಾರಿಗಳವರು. ಡಾಸ್ ತಪ್ಪಿಸಿಕೊಂಡನಾದರೂ ಕುದುರೆಯಿಂದ ಬಿದ್ದು ಹಿಂದಿರುಗಬೇಕಾಯಿತು. ರಿವೀರ್ ಸೆರೆಯಾದ. ತಲೆಗೆ ಪಿಸ್ತೂಲು ಹಿಡಿದು ಕೇಳಿದಾಗ ಅವನು ಮುಚ್ಚಿಡಲಿಲ್ಲ. ಸುತ್ತಲ ನಾಡನ್ನೆಲ್ಲ ಎಬ್ಬಿಸಿ ಬಂದಿದ್ದೇನೆ, ಐನೂರು ಮಂದಿ ಇನ್ನೇನು ಬರಲಿದ್ದಾರೆ ಎಂದು ಹೆದರಿಸಿದ. ಅಷ್ಟರಲ್ಲಿ ಲೆಕ್ಸಿಂಗ್ಟನ್ ಕಡೆಯಿಂದ ಗುಂಡಿನ ಸದ್ದು ಕೇಳಿಸಿತು. ಗಾಬರಿಗೊಂಡ ಅಧಿಕಾರಿಗಳು ಕುದುರೆ ಕಿತ್ತುಕೊಂಡು ಅವನನ್ನು ಬಿಟ್ಟುಕಳುಹಿಸಿದರು. ಚರಿತ್ರೆಯ ಅತ್ಯಂತ ಹೆಸರಾಂತ ಕುದುರೆ ಸವಾರ ಉಳಿದ ರಾತ್ರಿಯನ್ನು ಕಳೆದದ್ದು ಕಾಲ್ನಡಿಗೆಯಲ್ಲಿ.

ಪ್ರೆಸ್ಕಾಟ್ ಮಾತ್ರ ತಗ್ಗಾದ ಕಲ್ಲುಗೋಡೆಯ ಮೇಲಿಂದ ಕುದುರೆಯನ್ನು ಹಾರಿಸಿಕೊಂಡು, ಪರಿಚಿತ ಹೊಲ ಕಾಡುಗಳ ನಡುವೆ ಹಾದು ಕಾಂಕರ್ಡ್ ಮುಟ್ಟಿದ. ಅಲ್ಲಿಂದ ಆಕ್ಟನ್‌ಗೂ ಹೋದ. ಅವನ ಸೋದರ ಏಬಲ್ ಇನ್ನೊಂದು ದಿಕ್ಕಿಗೆ ಸುದ್ದಿ ಒಯ್ದ. ಮರುದಿನ ಕಾಂಕರ್ಡ್‌ನ ಸೇತುವೆಯ ಬಳಿ ಮುಂದಿನ ಸಾಲಿನಲ್ಲಿ ನಿಂತದ್ದು ಆಕ್ಟನ್‌ನ ಪಡೆ. ಅದರ ನಾಯಕ, ಬಂದೂಕು ತಯಾರಿಸುವ ಐಸಾಕ್ ಡೇವಿಸ್ ಅಲ್ಲೇ ಸತ್ತ. ಎಚ್ಚರಿಕೆಯ ಕರೆಗೆ ಓಗೊಟ್ಟವರು ತೆತ್ತ ಬೆಲೆ ಅದು.

ಏಪ್ರಿಲ್ 19ರ ಸೂರ್ಯೋದಯಕ್ಕೆ ಲೆಕ್ಸಿಂಗ್ಟನ್ ಮೈದಾನದಲ್ಲಿ ಸುಮಾರು 77 ಮಂದಿ ಊರಿನವರು ಸೈನಿಕರಿಗೆ ಎದುರಾಗಿ ನಿಂತರು. ಮೊದಲ ಗುಂಡು ಯಾರದೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಊರಿನವರಲ್ಲಿ 8 ಜನ ಸತ್ತರು. ಕಾಂಕರ್ಡ್‌ನಲ್ಲಿ ಸೇನೆ ಹುಡುಕಿದ್ದು ಹೆಚ್ಚೇನೂ ಸಿಗಲಿಲ್ಲ. ಮೊದಲೇ ಬಂದಿದ್ದ ಎಚ್ಚರಿಕೆಗಳಿಂದಾಗಿ ಬಹುಪಾಲು ಸಾಮಗ್ರಿ ಬೇರೆ ಕಡೆ ಸಾಗಿತ್ತು. ಬಾಸ್ಟನ್‌ಗೆ ಹಿಂದಿರುಗುವ ದಾರಿಯುದ್ದಕ್ಕೂ ಗೋಡೆ, ಮರಗಳ ಮರೆಯಿಂದ ಗುಂಡಿನ ಮಳೆ. ಸಂಜೆಯ ಹೊತ್ತಿಗೆ ಬ್ರಿಟಿಷರ ಕಡೆ 73 ಜನ, ಅಮೆರಿಕನ್ನರ ಕಡೆ 49 ಜನ ಸತ್ತಿದ್ದರು.

ಊರಿಂದೂರಿಗೆ ದಾಟಿದ ಕಾಗದ

ಅಂದೇ ಬೆಳಿಗ್ಗೆ ವಾಟರ್‌ಟೌನ್‌ನಿಂದ ಜೋಸೆಫ್ ಪಾಮರ್ ಎಂಬ ಸಮಿತಿಯ ಸದಸ್ಯ ನಾಲ್ಕಾರು ಸಾಲಿನ ಕಾಗದ ಬರೆದು ಬಿಸೆಲ್ ಎಂಬ ಸವಾರನ ಕೈಗೆ ಕೊಟ್ಟ. ಸೈನಿಕರು ಗುಂಡು ಹಾರಿಸಿದ್ದಾರೆ, ಈ ಸವಾರನಿಗೆ ಬೇಕಾದಲ್ಲಿ ಬದಲಿ ಕುದುರೆ ಒದಗಿಸಿ ಎಂಬುದು ಅದರ ಸಾರ. ಪ್ರತಿ ಊರಿನ ಸಮಿತಿಯೂ ಅದನ್ನು ನಕಲು ಮಾಡಿಕೊಂಡು, ಬಂದ ಹೊತ್ತು ಬರೆದು, ಸಹಿ ಹಾಕಿ ಮುಂದಕ್ಕೆ ಕಳುಹಿಸಿತು. ಏಪ್ರಿಲ್ 23ಕ್ಕೆ ನ್ಯೂಯಾರ್ಕ್, 24ಕ್ಕೆ ಫಿಲಡೆಲ್ಫಿಯ. ಹಿಂದಿನ ವರ್ಷದ ಗಾಳಿಸುದ್ದಿಗೂ ಇದಕ್ಕೂ ಇದ್ದ ವ್ಯತ್ಯಾಸ ಆ ಸಹಿಗಳಲ್ಲಿತ್ತು. ಸುದ್ದಿಯ ಜತೆಗೆ ಅದಕ್ಕೆ ಹೊಣೆಯಾದವರ ಹೆಸರೂ ಸಾಗುತ್ತಿತ್ತು.

ಸಮುದ್ರದ ಮೇಲೂ ಇದೇ ಓಟ ನಡೆಯಿತು. ಗೇಜ್‌ನ ವರದಿ ಹೊತ್ತ ಹಡಗು ಮೊದಲು ಹೊರಟಿತ್ತು. ಅದಾದ ಕೆಲವು ದಿನಗಳಿಗೆ ಜಾನ್ ಡರ್ಬಿ ಎಂಬಾತ ‘ಕ್ವೆರೊ’ ಎಂಬ ಚುರುಕು ಹಡಗಿನಲ್ಲಿ ಅಮೆರಿಕನ್ನರ ಸಾಕ್ಷ್ಯಪತ್ರಗಳೊಡನೆ ಹೊರಟ. ಆದರೂ ಮೇ ತಿಂಗಳ ಕೊನೆಗೆ ಲಂಡನ್ ತಲುಪಿ ಸುಮಾರು ಎರಡು ವಾರ ಮುಂದಾದ. ದಂಗೆಕೋರರ ಕಡೆಯ ಕತೆಯನ್ನೇ ಲಂಡನ್ ಮೊದಲು ಕೇಳಿತು.

ಕವಿ ಆರಿಸಿದ ನಾಯಕ

ಹಾಗಾದರೆ ಹೆಸರು ರಿವೀರ್‌ಗೇ ಏಕೆ ಸಂದಿತು? 1818ರಲ್ಲಿ ಅವನು ತೀರಿಕೊಂಡಾಗ ಈ ಸವಾರಿಗೆ ದೊಡ್ಡ ಹೆಸರೇನೂ ಇರಲಿಲ್ಲ. ಬಾಸ್ಟನ್ ಸುತ್ತಮುತ್ತ ಅವನನ್ನು ಬೆಳ್ಳಿ ಕೆಲಸಗಾರ, ಗಂಟೆ ಎರಕ ಹೊಯ್ಯುವವ, ತಾಮ್ರದ ಕಾರ್ಖಾನೆಯ ಮಾಲೀಕ ಎಂದೇ ಜನ ಬಲ್ಲರು. ಅವನನ್ನು ರಾಷ್ಟ್ರವೀರನನ್ನಾಗಿ ಮಾಡಿದ್ದು ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ 1860ರಲ್ಲಿ ಬರೆದ ಪದ್ಯ. ಗುಲಾಮಗಿರಿಯ ಪ್ರಶ್ನೆಯಲ್ಲಿ ದೇಶ ಇಬ್ಭಾಗವಾಗಿ ಅಂತರ್ಯುದ್ಧದ ಹೊಸ್ತಿಲಲ್ಲಿ ನಿಂತಿದ್ದ ಕಾಲ ಅದು. ನಿದ್ದೆಯಲ್ಲಿದ್ದ ಜನರನ್ನು ಎಚ್ಚರಿಸುವ ಒಬ್ಬ ಮನುಷ್ಯ ಕವಿಗೆ ಬೇಕಾಗಿತ್ತು. ಒಬ್ಬನೇ ಸಾಕಾಗಿದ್ದ. ಡಾಸ್, ಪ್ರೆಸ್ಕಾಟ್ ಇಬ್ಬರೂ ಪದ್ಯದಿಂದ ಹೊರಗುಳಿದರು. ರಿವೀರ್ ಕಾಂಕರ್ಡ್‌ಗೂ ಹೋಗಿ ಮುಟ್ಟಿದ!

ನಿಜಕ್ಕೂ ಒಬ್ಬಂಟಿಯಾಗಿ ಸವಾರಿ ಮಾಡಿದವನೂ ಒಬ್ಬನಿದ್ದಾನೆ. 1781ರ ಜೂನ್ 3ರ ರಾತ್ರಿ ವರ್ಜೀನಿಯಾದಲ್ಲಿ ಜ್ಯಾಕ್ ಜೂಯೆಟ್ ಎಂಬ ತರುಣ, ಬ್ರಿಟಿಷ್ ಅಶ್ವದಳ ಹಾದುಹೋಗುವುದನ್ನು ಕಂಡು, ಸುಮಾರು 40 ಮೈಲಿ ಒಳದಾರಿಯಲ್ಲಿ ಓಡಿ ಗವರ್ನರ್ ಥಾಮಸ್ ಜೆಫರ್ಸನ್‌ಗೆ ಎಚ್ಚರಿಕೆ ಮುಟ್ಟಿಸಿದ. ಮುಂದೆ ಅಮೆರಿಕದ ಅಧ್ಯಕ್ಷನಾಗಲಿದ್ದವನು ಸೆರೆಯಿಂದ ಪಾರಾದ. ಜೂಯೆಟ್‌ನ ಮೇಲೆ ಲಾಂಗ್‌ಫೆಲೊ ಪದ್ಯ ಬರೆಯಲಿಲ್ಲ. ಅವನನ್ನು ಬಲ್ಲವರು ಇಂದಿಗೂ ಕಡಿಮೆ.

ರಿವೀರ್‌ನ ದೊಡ್ಡತನವನ್ನು ಇದರಿಂದ ಕಡಿಮೆ ಮಾಡಬೇಕಾಗಿಲ್ಲ. ಆ ರಾತ್ರಿ ಅವನನ್ನು ಕಳುಹಿಸಿದ ಡಾ. ವಾರೆನ್ ಎರಡೇ ತಿಂಗಳಲ್ಲಿ ಬಂಕರ್ ಹಿಲ್ ಕದನದಲ್ಲಿ ಮಡಿದ. ಮರುವರ್ಷ ಹೂತ ಜಾಗವನ್ನು ಅಗೆದಾಗ, ತಾನೇ ತಂತಿಯಿಂದ ಕಟ್ಟಿಕೊಟ್ಟಿದ್ದ ಕೃತಕ ಹಲ್ಲನ್ನು ನೋಡಿ ಗೆಳೆಯನ ಶವ ಗುರುತಿಸಿದವನು ರಿವೀರ್. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿದ್ದ, ಒಬ್ಬರ ಮಾತನ್ನು ಇನ್ನೊಬ್ಬರು ನಂಬುತ್ತಿದ್ದ ಜನ ಅವರು. ಎರಡು ಲಾಟೀನು, ಎರವಲು ಕುದುರೆ, ಮೂವರು ಸವಾರರು ಇವೆಲ್ಲ ಆ ನಂಬಿಕೆಯ ಮೇಲೆ ನಿಂತಿದ್ದವು. ನಡುರಾತ್ರಿ ಬಾಗಿಲು ಬಡಿದಾಗ ಬಡಿದವನು ಯಾರೆಂದು ಒಳಗಿದ್ದವನಿಗೆ ತಿಳಿದಿತ್ತು. ಆದ್ದರಿಂದಲೇ ಅವನು ಎದ್ದು ಬಂದೂಕು ಹುಡುಕಿದ.